ಪ್ರಳಯಾಂತಕ ದೇವರಿಗೊಂದು ಕೀ ಚೈನು

ಭಾನುವಾರ ಸಂಜೆ ನಾಲ್ಕೂವರೆಗೆ, ನಮ್ಮ ಮನೆಯ ಡೈನಿಂಗ್ ಟೇಬಲ್ ಮುಂದೆ ಕೂತಲ್ಲೇ ನನಗೆ ಅಧಿಕೃತವಾಗಿ ಹುಚ್ಚು ಹಿಡಿಯಿತು. ಘೋಷಿಸಿದವನು ಅಕ್ಕನ ಮಗ. ನಾನು ಉರುಳಿಸಿದ ಹತ್ತು ಮುಖದ ದಾಳ ಚಕ್ಕುಲಿ ತಟ್ಟೆಗೆ ಬಡಿದು ಏಳಕ್ಕೆ ನಿಂತಿತ್ತು.

"ಏಳು ಸ್ಯಾನಿಟಿ ಪಾಯಿಂಟ್, ಅಂದ್ರೆ ತಲೆ ನೆಟ್ಟಗಿರೋದಕ್ಕೆ ಕೊಟ್ಟ ಅಂಕ, ಹೋಯ್ತು ಮಾಮಾ. ಒಂದೇ ಏಟಿಗೆ ಐದೋ ಅದಕ್ಕಿಂತ ಜಾಸ್ತಿನೋ ಹೋದ್ರೆ ಬುದ್ಧಿ ಪರೀಕ್ಷೆ. ಇನ್ನೊಂದ್ಸಲ ಹಾಕಿ."

ಹಾಕಿದೆ. ಪಾಸಾದೆ. ಹೆಮ್ಮೆಯಿಂದ ಬೀಗುವಷ್ಟರಲ್ಲಿ ಅವನು ಪೆನ್ಸಿಲ್ ತೆಗೆದುಕೊಂಡು ನನ್ನ ಹಾಳೆಯ ಮೇಲೆ ‘ಹುಚ್ಚು’ ಅಂತ ಬರೆದ. ಈ ಆಟದಲ್ಲಿ ಬುದ್ಧಿ ಪರೀಕ್ಷೆಯಲ್ಲಿ ಪಾಸಾದವನಿಗೇ ಹುಚ್ಚು ಹಿಡಿಯುವುದು, ಯಾಕೆಂದರೆ ತಾನು ಕಂಡದ್ದೇನು ಅಂತ ಅವನಿಗೆ ಅರ್ಥವಾಯಿತು. ಫೇಲಾದವನು ಏನೂ ತಿಳಿಯದೆ ಆರಾಮಾಗಿ ಮುಂದೆ ಹೋಗುತ್ತಾನೆ. ನಿಯಮ ಬರೆದವರು ಕ್ಯಾಲಿಫೋರ್ನಿಯಾದವರಂತೆ. ನಮ್ಮ ಟಿವಿ ಚರ್ಚೆಗಳನ್ನು ನೋಡದೆಯೇ ಬರೆದದ್ದು ಆಶ್ಚರ್ಯ.

ಆಟದ ಹೆಸರು ‘ಕಾಲ್ ಆಫ್ ಕ್ಥುಲ್ಹು’, ಹುಟ್ಟಿದ್ದು 1981ರಲ್ಲಿ. ಬೋರ್ಡಿಲ್ಲ, ಕಾಯಿಗಳಿಲ್ಲ. ‘ಕೀಪರ್’ ಅಂತ ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗಿನ ಪತ್ತೇದಾರರು. ನಾನು ಸಣ್ಣ ಊರಿನ ಲೈಬ್ರರಿಯನ್. ನನ್ನ ಆಯುಧ ಒಂದು ಟಾರ್ಚು. ಕಥೆಯ ಮೂಲ ಎಚ್. ಪಿ. ಲವ್‌ಕ್ರಾಫ್ಟ್ ಎಂಬ ಅಮೆರಿಕದವನು 1926ರಲ್ಲಿ ಬರೆದದ್ದು. ‘ವಿಯರ್ಡ್ ಟೇಲ್ಸ್’ ಪತ್ರಿಕೆ ಮೊದಲು ಬೇಡವೆಂದು ವಾಪಸ್ ಕಳಿಸಿ, ಆಮೇಲೆ 1928ರ ಫೆಬ್ರವರಿಯಲ್ಲಿ ಅಚ್ಚು ಹಾಕಿತು. ದೆವ್ವ, ಮೋಹಿನಿ, ಹುಣಸೆಮರ ಯಾವುದೂ ಇವನಿಗೆ ಬೇಕಿಲ್ಲ. ಈ ವಿಶ್ವಕ್ಕೆ ಮನುಷ್ಯನೆಂಬ ಪ್ರಾಣಿ ಲೆಕ್ಕಕ್ಕೇ ಇಲ್ಲ, ಅದು ಅರಿವಾದ ಕ್ಷಣ ತಲೆ ನಿಲ್ಲುವುದಿಲ್ಲ ಎಂಬುದೇ ಇವನ ಭಯ. ಅದಕ್ಕೇ ಕಾಸ್ಮಿಕ್ ಹಾರರ್ ಅನ್ನುವುದು. ಕಥೆಯ ದೈವ ಕ್ಥುಲ್ಹು ಪೆಸಿಫಿಕ್ ಸಾಗರದಡಿ ಮಲಗಿದ್ದಾನೆ. ಆಕ್ಟೋಪಸ್ ತಲೆ, ಬಾವಲಿ ರೆಕ್ಕೆ. ಎದ್ದರೆ ಲೋಕ ಮುಗಿಯಿತು. ಆ ಹೆಸರು ಮನುಷ್ಯರ ನಾಲಗೆಗೆ ಬರುವಂಥದ್ದಲ್ಲ ಅಂತ ಲೇಖಕನೇ ಹೇಳಿದ್ದ. ಪಾಪ, ಒತ್ತಕ್ಷರ ಗೊತ್ತಿಲ್ಲದ ಮನುಷ್ಯ. ಕಗೆ ಥ ಒತ್ತು, ಲಗೆ ಹ ಒತ್ತು, ಮುಗೀತಲ್ಲ!

ಅಕ್ಕನ ಮಗನ ಬ್ಯಾಗಿನ ಜಿಪ್ಪಿಗೆ ಹಸಿರು ಬಣ್ಣದ ಒಂದು ಗೊಂಬೆ ನೇತಾಡುತ್ತಿತ್ತು. ಗುಂಡು ಹೊಟ್ಟೆ, ಬಟನ್ ಕಣ್ಣು, ಮೀಸೆಯಂತೆ ಇಳಿಬಿದ್ದ ನಾಲ್ಕು ಉಣ್ಣೆಯ ಎಳೆ.

"ಇದ್ಯಾವುದೋ?"

"ಇವನೇ ಮಾಮಾ, ಕ್ಥುಲ್ಹು."

ಆಟದಲ್ಲಿ ಇವನನ್ನು ಕಣ್ಣಾರೆ ಕಂಡು ಸ್ಯಾನಿಟಿ ಪರೀಕ್ಷೆಯಲ್ಲಿ ಸೋತವನಿಗೆ ಆಗುವ ನಷ್ಟ ನೂರು ಮುಖದ ದಾಳದಲ್ಲಿ ಬಿದ್ದಷ್ಟು ಪಾಯಿಂಟು. ಮಾರುಕಟ್ಟೆಯಲ್ಲಿ ಇವನು ಕೀ ಚೈನು, ಚಳಿಗಾಲದ ಚಪ್ಪಲಿ, ಕ್ರಿಸ್‌ಮಸ್ ಸ್ವೆಟರು, ಕಾಫಿ ಮಗ್ಗು. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ಬಂದಾಗಲೆಲ್ಲ ಇವನನ್ನು ಅಭ್ಯರ್ಥಿ ಮಾಡಿ ಸ್ಟಿಕರ್ ಹೊಡೆಸುತ್ತಾರೆ: ಕಡಿಮೆ ಕೆಡುಕಿಗೆ ಯಾಕೆ ಓಟು ಹಾಕ್ತೀರಿ ಅಂತ. ವಿಶ್ವರೂಪ ಕಂಡ ಅರ್ಜುನ ತತ್ತರಿಸಿ, ಹಳೇ ಸೌಮ್ಯರೂಪವನ್ನೇ ತೋರಿಸಪ್ಪಾ ಅಂತ ಕೈಮುಗಿದನಲ್ಲ, ಇಲ್ಲಿ ಯಾರೂ ಕೈಮುಗಿಯಬೇಕಾಗಲಿಲ್ಲ. ಸೌಮ್ಯರೂಪ ಕೊರಿಯರ್‌ನಲ್ಲೇ ಮನೆಗೆ ಬರುತ್ತದೆ. ಲವ್‌ಕ್ರಾಫ್ಟ್ 1937ರಲ್ಲಿ, 46ರ ವಯಸ್ಸಿಗೆ, ಕೈಯಲ್ಲಿ ಕಾಸಿಲ್ಲದೆ ಹೋದ. ಸಮುದ್ರದ ತಿನಿಸು ಕಂಡರೆ ವಾಕರಿಕೆ ಪಡುತ್ತಿದ್ದ ಮನುಷ್ಯ ಬೇರೆ. ಬೇರೆ ಜನಾಂಗದವರನ್ನು ಕಂಡರೂ ಅಷ್ಟೇ ಅಸಹ್ಯಪಡುತ್ತಿದ್ದ. ಅದು ನಗುವ ವಿಷಯವಲ್ಲ. ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿಗೆ ಕೊಡುತ್ತಿದ್ದ ಅವನ ತಲೆಯ ಪ್ರತಿಮೆಯನ್ನು 2015ರಲ್ಲಿ ಕೈಬಿಟ್ಟದ್ದು ಅದಕ್ಕೇ.

ಅಮ್ಮ ಕನ್ನಡಕ ಏರಿಸಿಕೊಂಡು ರೂಲ್ ಬುಕ್ಕಿನ ಚಿತ್ರವನ್ನು ಒಂದು ನಿಮಿಷ ನೋಡಿದಳು. "ಇದಕ್ಕೆ ನೈವೇದ್ಯ ಏನೋ ಮಗೂ?" ಅಂದಳು. ಆಟದ ಒಂದೊಂದು ಸುತ್ತಿನಲ್ಲೂ ಒಬ್ಬರಿಂದ ಮೂವರು ಪತ್ತೇದಾರರು ಅಂತ ಮೊಮ್ಮಗ ಉತ್ತರ ಕೊಟ್ಟ. "ಬಕಾಸುರನೇ ವಾಸಿ, ಬಂಡಿ ಅನ್ನದ ಜೊತೆ ಒಬ್ಬನೇ ಸಾಕಿತ್ತು" ಅಂತ ಅಮ್ಮ ಹುರುಳಿಕಾಯಿ ಸೋಸಲು ಹೋದಳು.

ಇಂಥ ದೈವವೂ ಒಮ್ಮೆ ಬೆಚ್ಚಿದ್ದುಂಟು, ಲೈಸೆನ್ಸಿಗೆ. ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಇಂಥದ್ದೇ ಇನ್ನೊಂದು ದಾಳದ ಆಟದವರು 1980ರಲ್ಲಿ ಲೋಕದ ದೇವರುಗಳನ್ನೆಲ್ಲ ಕಲೆಹಾಕಿ, ತಲಾ ಇಂತಿಷ್ಟು ಹಿಟ್ ಪಾಯಿಂಟ್ (ಎಷ್ಟು ಏಟು ತಡೆಯಬಲ್ಲರು ಎಂಬ ಲೆಕ್ಕ) ಅಂತ ನಿಗದಿ ಮಾಡಿ ಒಂದು ಪುಸ್ತಕ ತಂದರು. ಮೊದಲ ಮುದ್ರಣಗಳಲ್ಲಿ ಕ್ಥುಲ್ಹು ಪರಿವಾರ ಇತ್ತು. ಕ್ಥುಲ್ಹುವನ್ನು ಆಟಕ್ಕೆ ಬಳಸುವ ಹಕ್ಕು ಇನ್ನೊಂದು ಕಂಪನಿಯ ಕೈಲಿತ್ತಾದ್ದರಿಂದ ಮುಂದಿನ ಮುದ್ರಣಗಳಲ್ಲಿ ಪರಿವಾರ ಸಮೇತ ನಾಪತ್ತೆ. ಅದೇ ಪುಸ್ತಕದಲ್ಲಿದ್ದ ನಮ್ಮ ಇಂದ್ರ, ವರುಣ, ಯಮ ಮಾತ್ರ ಅಲ್ಲಾಡದೆ ಕೂತಿದ್ದರು. ಅವರ ಪರವಾಗಿ ರಾಯಲ್ಟಿ ಕೇಳುವವರು ಯಾರೂ ಇರಲಿಲ್ಲ.

ಹಾಗಾದರೆ ನಿಜಕ್ಕೂ ಹೆದರಿದವರು ಯಾರು? ಹೆದರಿದ್ದು ದೊಡ್ಡವರು, ಅದೂ ದಾಳಕ್ಕೆ. 1979ರಲ್ಲಿ ಮಿಷಿಗನ್‌ನಲ್ಲಿ ಒಬ್ಬ ವಿದ್ಯಾರ್ಥಿ ಕಾಣೆಯಾದ. ಹುಡುಕಲು ಬಂದ ಖಾಸಗಿ ಪತ್ತೇದಾರ, ಹುಡುಗ ಡ್ರ್ಯಾಗನ್ ಆಟ ಆಡುತ್ತಾ ಕ್ಯಾಂಪಸ್ಸಿನಡಿಯ ಸುರಂಗದಲ್ಲಿ ಕಳೆದುಹೋಗಿರಬೇಕು ಅಂತ ಊಹಿಸಿದ. ಹುಡುಗ ಬೇರೆ ರಾಜ್ಯದಲ್ಲಿ ಸಿಕ್ಕಿದ. ಆಟಕ್ಕೂ ಅದಕ್ಕೂ ಸಂಬಂಧವಿಲ್ಲ ಅಂತ ಆ ಪತ್ತೇದಾರನೇ ಆಮೇಲೆ ಬರೆದ. ಅಷ್ಟರಲ್ಲಿ ಊಹೆ ಊರೂರು ಸುತ್ತಿ ಆಗಿತ್ತು. ಬೇರೊಂದು ಪ್ರಕರಣದಲ್ಲಿ ಮಗನನ್ನು ಕಳೆದುಕೊಂಡ ತಾಯಿಯೊಬ್ಬರು 1983ರಲ್ಲಿ ಆಟದ ವಿರುದ್ಧ ಸಂಘ ಕಟ್ಟಿದರು. ಅವರ ದುಃಖ ನಿಜ, ಅದರ ತಂಟೆಗೆ ನಾನು ಹೋಗುವುದಿಲ್ಲ. ಆದರೆ ಟಿವಿ ಬಿಟ್ಟೀತೆ? 1985ರಲ್ಲಿ ಅಮೆರಿಕದ ‘60 ಮಿನಿಟ್ಸ್’ ಸುದ್ದಿ ಕಾರ್ಯಕ್ರಮ ಗಂಭೀರ ಮುಖ ಹಾಕಿಕೊಂಡು, ಈ ಆಟ ಮಕ್ಕಳನ್ನು ಕೊಲ್ಲುತ್ತದೆಯೇ ಅಂತ ವಿಚಾರಿಸಿತು. ದಾಳಕ್ಕೆ ರಾಜ್ಯ, ತಮ್ಮಂದಿರು, ಹೆಂಡತಿ ಎಲ್ಲವನ್ನೂ ಸೋತ ಧರ್ಮರಾಯನ ಕಥೆ ಕೇಳಿ ಬೆಳೆದ ನಾವೇ ದೀಪಾವಳಿಗೆ ಇಸ್ಪೀಟ್ ಎಲೆ ಕಲೆಸುವುದು ಬಿಟ್ಟಿಲ್ಲ.

ಡ್ರ್ಯಾಗನ್ ಆಟದ ಕಂಪನಿ ಕಂಡುಕೊಂಡ ಪರಿಹಾರವಂತೂ ಚಿನ್ನದಂಥದ್ದು. 1989ರ ಎರಡನೇ ಆವೃತ್ತಿಯಲ್ಲಿ ಡೀಮನ್, ಡೆವಿಲ್ ಎಂಬ ಪದಗಳನ್ನೇ ಕಿತ್ತುಹಾಕಿದರು. ಆಮೇಲೆ ಅವೇ ಪಿಶಾಚಿಗಳು ತನಾರಿ, ಬಾಟೆಜು ಎಂಬ ಹೆಸರಲ್ಲಿ ಮರಳಿದವು. ಅದೇ ಕೊಂಬು, ಅದೇ ಬಾಲ. ರಸ್ತೆಗೆ ಹೊಸ ನಾಮಫಲಕ ಹಾಕಿ, ಗುಂಡಿ ಮುಚ್ಚಿದೆವು ಅಂತ ರಿಬ್ಬನ್ ಕತ್ತರಿಸಿದಂತೆ. ವಿಸ್ಕಾನ್ಸಿನ್ನಿನ ಜೈಲೊಂದರಲ್ಲಿ ಕೈದಿಯೊಬ್ಬ ಈ ಆಟಕ್ಕೆಂದು ಕೈಯಲ್ಲಿ ಬರೆದಿದ್ದ 96 ಪುಟಗಳನ್ನು ಅಧಿಕಾರಿಗಳು ಕಿತ್ತುಕೊಂಡು, ಆಟವನ್ನೇ ನಿಷೇಧಿಸಿದರು. ಒಬ್ಬ ಹೇಳುವುದು, ಉಳಿದವರು ಕೇಳುವುದು. ಇದು ಗ್ಯಾಂಗಿನ ಲಕ್ಷಣ ಅಂತ ಅವರ ವಾದ. 2010ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಷೇಧವನ್ನು ಎತ್ತಿಹಿಡಿಯಿತು. ಆ ಲೆಕ್ಕದಲ್ಲಿ ನಮ್ಮ ಬೀದಿಯ ಹರಿಕಥೆ ಮಂಡಳಿ ಯಾವತ್ತೋ ಒಳಗಿರಬೇಕಿತ್ತು. ಈ ಗದ್ದಲದ ಮುಖ್ಯ ಗುರಿ ಡ್ರ್ಯಾಗನ್ ಆಟ ಎಂಬುದನ್ನು ಗಮನಿಸಬೇಕು. ಆಟಗಾರನಿಗೆ ನಿಯಮದ ಪ್ರಕಾರವೇ ಹುಚ್ಚು ಹಿಡಿಸುವ ಆಟ ಪಕ್ಕದ ಶೆಲ್ಫಿನಲ್ಲೇ ಇತ್ತು.

ಆ ಮಲಗಿರುವ ದೈವಕ್ಕೆ ಮಾತ್ರ ಮರ್ಯಾದೆ ಸಾಲದು. ಲವ್‌ಕ್ರಾಫ್ಟ್ ಅಕ್ಷಾಂಶ ರೇಖಾಂಶ ಸಮೇತ ಅವನ ವಿಳಾಸ ಕೊಟ್ಟಿದ್ದ. ಎಲ್ಲಾ ನೆಲದಿಂದಲೂ ಅತಿ ದೂರದ ಸಾಗರಬಿಂದು ಯಾವುದು ಅಂತ 1992ರಲ್ಲಿ ಲೆಕ್ಕ ಹಾಕಿ ಗುರುತಿಸಿದ ‘ಪಾಯಿಂಟ್ ನೆಮೊ’ ಅದಕ್ಕೆ ತೀರ ದೂರವೇನಿಲ್ಲ. ಕೆಲಸ ಮುಗಿದ ಬಾಹ್ಯಾಕಾಶ ನೌಕೆಗಳನ್ನು ಆ ಸುತ್ತಿನ ಸಮುದ್ರಕ್ಕೇ ಕೆಡವುತ್ತಾರೆ. 2001ರಲ್ಲಿ ರಷ್ಯದ ಮಿರ್ ನಿಲ್ದಾಣವೂ ದಕ್ಷಿಣ ಪೆಸಿಫಿಕ್ಕಿಗೇ ಬಿತ್ತು. ನಮ್ಮೂರಲ್ಲಾದರೆ ಕಸ ಬೀಳುವ ಮೂಲೆಗೆ ದೇವರ ಟೈಲ್ಸ್ ಅಂಟಿಸುತ್ತೇವೆ. ಅಲ್ಲಿ ದೇವರೇ ಖುದ್ದಾಗಿ ಮಲಗಿದ್ದರೂ ತಲೆ ಮೇಲೇ ಸುರಿಯುತ್ತಾರೆ.

ಏಳು ಗಂಟೆ ಹೊತ್ತಿಗೆ ನನ್ನ ಲೈಬ್ರರಿಯನ್ ಬಳಿ ಉಳಿದದ್ದು ಹನ್ನೊಂದು ಸ್ಯಾನಿಟಿ ಮತ್ತು ಆರಿದ ಟಾರ್ಚು. ಅಕ್ಕನ ಮಗ ದನಿ ತಗ್ಗಿಸಿದ. "ಬಾಗಿಲು ಬಡೀತಾ ಇದೆ ಮಾಮಾ. ನಿಮ್ಮ ತಾಯಿಯ ದನೀಲಿ ನಿಮ್ಮ ಹೆಸರು ಹಿಡಿದು ಕರೀತಾ ಇದೆ."

ಇದು ಗೊತ್ತಿರುವ ಕೇಸು. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳನ್ನು ಇಂಥದ್ದೇ ಒಬ್ಬಳು ಬಡಿಯುತ್ತಾಳೆ ಅಂತ ಸುದ್ದಿಯಿತ್ತು. ಮನೆಯವರ ದನಿಯಲ್ಲಿ ಕರೆಯುವವಳು. ಅವಳಿಗೆ ಕನ್ನಡ ಓದಲು ಬರುತ್ತಿತ್ತು ಎಂಬುದೇ ಈ ನಗರದ ಮಟ್ಟಿಗೆ ದೊಡ್ಡ ವಿಷಯ.

"ಸೀಮೆಸುಣ್ಣ ತಗೊಂಡು ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತೀನಿ."

ಅವನು ರೂಲ್ ಬುಕ್ ತಿರುವಿದ. ಮತ್ತೆ ತಿರುವಿದ. "ಇದಕ್ಕೆ ರೂಲೇ ಇಲ್ಲ. ಲಕ್ ರೋಲ್ ಮಾಡಿ."

ನಾಲ್ಕು ಬಿತ್ತು. ನೂರಕ್ಕೆ ನಾಲ್ಕು, ಈ ಆಟದಲ್ಲಿ ಕಡಿಮೆ ಬಿದ್ದಷ್ಟೂ ಒಳ್ಳೆಯದು.

"ಸರಿ, ಬಡಿಯೋದು ನಿಂತಿತು" ಅಂದ, ಸ್ವಲ್ಪ ಮುನಿಸಿನಿಂದಲೇ. "ನಾಳೆ ಬರುತ್ತೆ ಬಿಡಿ."

ನಾಳೆ ಸೋಮವಾರ. ಅವನಿಗೆ ಎಂಟೂವರೆಗೆ ಆಫೀಸ್ ಕ್ಯಾಬ್. ಪ್ರಳಯವನ್ನು ಮುಂದಿನ ಭಾನುವಾರಕ್ಕೆ ಹಾಕಿಕೊಂಡೆವು.