ಎಷ್ಟಿದೆ ಅಂತ ಗೊತ್ತು, ಎಲ್ಲಿದೆ ಅಂತ ಕೇಳಬೇಡಿ

ಎವರೆಸ್ಟ್ ಶಿಖರದ ಎತ್ತರ ಅಳೆಯುವುದು ದೊಡ್ಡ ವಿಷಯವೇನಲ್ಲ. ನೂರು ಮೈಲಿಗಿಂತ ದೂರದ ಬಯಲಲ್ಲಿ ಕೋನ ಅಳೆಯುವ ಥಿಯೊಡೊಲೈಟ್ ಇಟ್ಟುಕೊಂಡು, ಬೆಟ್ಟದ ಹತ್ತಿರವೂ ಸುಳಿಯದೆ, 1856ರಲ್ಲೇ ಸರ್ವೆಯವರು 29,002 ಅಡಿ ಅಂತ ಪ್ರಕಟಿಸಿಬಿಟ್ಟರು. ಈಗ ಒಪ್ಪಿರುವ ಲೆಕ್ಕ 8,848.86 ಮೀಟರ್, ಅಂದರೆ ಸುಮಾರು 29,032 ಅಡಿ. ಮೂವತ್ತೇ ಅಡಿ ವ್ಯತ್ಯಾಸ. ನಿಜವಾದ ಕಷ್ಟ ಇರುವುದು ನಿಮ್ಮ ಹೊಲಕ್ಕೂ ಪಕ್ಕದ ಹೊಲಕ್ಕೂ ನಡುವಿನ ಬದು ಎಲ್ಲಿದೆ ಅಂತ ಹೇಳುವುದರಲ್ಲಿ. ಅದಕ್ಕೆ ಅರ್ಜಿ ಬೇಕು, ಶುಲ್ಕ ಬೇಕು, ಸರದಿ ಬರಬೇಕು, ಸುತ್ತಲಿನ ಹಿಡುವಳಿದಾರರಿಗೆಲ್ಲ ನೋಟಿಸ್ ಹೋಗಬೇಕು. ಎವರೆಸ್ಟಿಗೆ ಈ ಯಾವ ರಗಳೆಯೂ ಇರಲಿಲ್ಲ. ಪಕ್ಕದ ಶಿಖರ ಲ್ಹೋತ್ಸೆಯವರು ತಕರಾರು ಅರ್ಜಿ ಹಾಕಲಿಲ್ಲ.

ನಮ್ಮ ರಾಜ್ಯದಲ್ಲಿ ಪಹಣಿ ಕಂಪ್ಯೂಟರಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ತಂತ್ರಾಂಶದ ಹೆಸರೇ ‘ಭೂಮಿ’. ಒಂದು ಪಹಣಿ ತೆಗೆದು ನೋಡಿ. ಸರ್ವೆ ನಂಬರ್ ಇದೆ, ಹೆಸರಿದೆ, ಒಂದು ಎಕರೆ ಇಪ್ಪತ್ತು ಗುಂಟೆ ಅಂತ ಅಚ್ಚಾಗಿದೆ. ಎಷ್ಟಿದೆ ಅಂತ ಗೊತ್ತಾಯಿತು. ಎಲ್ಲಿದೆ? ಅದನ್ನು ಮಾತ್ರ ಕೇಳಬೇಡಿ. ಅದೇ ಸರ್ವೆ ನಂಬರಿನಲ್ಲಿ ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪ, ಯಾವಾಗಲೋ ಕೊಂಡವರು, ಅವರಿಂದ ಕೊಂಡವರು, ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿ ಬಿಟ್ಟು ಹೋಗದ ಅಜ್ಜ, ಎಲ್ಲರೂ ಸಾಲಾಗಿ ಕೂತಿದ್ದಾರೆ. ಯಾರ ಪಾಲು ಮೂಡಲಿಗೆ, ಯಾರದ್ದು ಪಡುವಲಿಗೆ ಅಂತ ತಿಳಿಯಬೇಕಾದರೆ ಪೋಡಿ, ಅಂದರೆ ಪಾಲುಗಳನ್ನು ಅಳೆದು ಬೇರೆ ಮಾಡುವ ಕೆಲಸ, ಆಗಬೇಕು. ಒಂದು ತುಂಡು ಮಾರಬೇಕಾದರೆ ಆ ತುಂಡನ್ನು ಅಳೆದು ಬರೆದ 11ಇ ನಕ್ಷೆ ಆಗಬೇಕು. ಎರಡೂ ಆಗಬೇಕಾದರೆ ಎಲ್ಲರ ಲೆಕ್ಕ ತಾಳೆ ಆಗಬೇಕು. ತಾಳೆ ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಅನ್ನುವುದೇ ನಮ್ಮ ವ್ಯವಸ್ಥೆಯ ದೊಡ್ಡ ಸಾಧನೆ. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಇರುವುದು ಆಕಾರಬಂದ್‌ನಲ್ಲಿ, ಅದು ಸರ್ವೆಯವರ ದಾಖಲೆ. ಪಹಣಿ ಕಂದಾಯದವರ ದಾಖಲೆ. ಆಕಾರಬಂದ್‌ನಲ್ಲಿ ನಾಲ್ಕು ಎಕರೆ ಇದ್ದರೆ ಪಹಣಿಯಲ್ಲಿ ಎಲ್ಲರ ಪಾಲು ಕೂಡಿಸಿದಾಗ ನಾಲ್ಕು ಎಕರೆ ಹನ್ನೊಂದು ಗುಂಟೆ ಬರುತ್ತದೆ. ಇಂಥ ಕಥೆ ಇಲ್ಲದ ಊರು ಹುಡುಕಬೇಕು. ರೈತ ಮಳೆ ನಂಬಿ, ಬೋರ್‌ವೆಲ್ ಕೊರೆಸಿ, ಗೊಬ್ಬರ ಸುರಿದು ಬರೀ ಬೆಳೆ ಬೆಳೆಯುತ್ತಾನೆ. ಕಚೇರಿ ಒಂದು ಬಾಟಲಿ ಶಾಯಿಯಲ್ಲಿ ಭೂಮಿಯನ್ನೇ ಬೆಳೆದಿದೆ! ಆ ಹನ್ನೊಂದು ಗುಂಟೆಗೆ ಕಂದಾಯ ಕಟ್ಟಿದವರಿದ್ದಾರೆ, ಅದನ್ನು ತೋರಿಸಿ ಸಾಲ ಎತ್ತಿದವರಿದ್ದಾರೆ, ಮಗಳ ಪಾಲಿಗೆ ಅಂತ ಬರೆದುಕೊಟ್ಟವರೂ ಇದ್ದಾರೆ. ಅದರ ಮೇಲೆ ಕಾಲಿಟ್ಟವರು ಮಾತ್ರ ಯಾರೂ ಇಲ್ಲ.

ಇದಕ್ಕೆ ಉಲ್ಟಾ ಖರಾಬು. ಅ ಖರಾಬು ಅಂದರೆ ಉಳುಮೆಗೆ ಬಾರದ ಜಾಗ. ಬ ಖರಾಬು ಅಂದರೆ ದಾರಿ, ಹಳ್ಳ ಅಂತ ಸಾರ್ವಜನಿಕರಿಗೆ ಬಿಟ್ಟಿದ್ದು. ಈ ಬ ಖರಾಬು ನಿಮ್ಮ ಸರ್ವೆ ನಂಬರಿನ ಒಳಗೇ ಇರುತ್ತದೆ, ಆದರೆ ನಿಮ್ಮದಲ್ಲ. ಆರು ಗುಂಟೆ ಖರಾಬು ಅಂತ ಬರೆದಿದ್ದರೆ ಆರು ಗುಂಟೆ ಎಲ್ಲೋ ಇದೆ ಅನ್ನುವುದು ಖಂಡಿತ. ಎಲ್ಲಿ ಅಂತ ಊರಲ್ಲಿ ಯಾರನ್ನಾದರೂ ಕೇಳಿ ನೋಡಿ, ಪಕ್ಕದವನ ಪಾಲಿನಲ್ಲಿದೆ ಅಂತಾರೆ. ಪಕ್ಕದವನನ್ನೂ ಕೇಳಿ.

ಸರಿ, ಜಗಳ ಬೇಡ, ಹದ್ದುಬಸ್ತಿಗೆ ಅರ್ಜಿ ಹಾಕಿ ಗಡಿ ಗುರುತಿಸಿಕೊಳ್ಳೋಣ ಅಂತ ಹೊರಟರೆ ಮೊದಲು ಬೇಕಾಗಿರುವುದು ಮೂಲ ಟಿಪ್ಪಣಿ, ಅಂದರೆ ಹಳೇ ಸರ್ವೆಯಲ್ಲಿ ಅಳತೆ ಬರೆದಿಟ್ಟ ಹಾಳೆ. ಅದು ರೆಕಾರ್ಡ್ ರೂಮಿನಲ್ಲಿರುತ್ತದೆ, ಅಥವಾ ಇರಬೇಕು. ಕೈ ಹಾಕಿದರೆ ಪುಡಿಯಾಗುವ ಹಾಳೆ, ಅರ್ಧ ಗೆದ್ದಲಿಗೆ, ಇನ್ನರ್ಧ ತೇವಕ್ಕೆ. ಈಗೀಗ ‘ಭೂ ಸುರಕ್ಷಾ’ ಅಂತ ಹಳೇ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ಒಳ್ಳೆಯ ಕೆಲಸ, ಸುಮ್ನೆ ಹೇಳುತ್ತಿಲ್ಲ. ಆದರೆ ಗೆದ್ದಲು ಅವರಿಗಿಂತ ಮೊದಲೇ ಕೆಲಸ ಶುರು ಮಾಡಿತ್ತು. ಟಿಪ್ಪಣಿ ಸಿಗದಿದ್ದರೆ ‘ಸದರಿ ದಾಖಲೆ ಲಭ್ಯವಿರುವುದಿಲ್ಲ’ ಅಂತ ಒಂದು ಹಿಂಬರಹ ಕೊಡುತ್ತಾರೆ. ಇರುವ ದಾಖಲೆಯಲ್ಲಿ ಸಹಿ ಮಾಸಿರಬಹುದು, ಸೀಲು ಅಳಿಸಿರಬಹುದು. ಇಲ್ಲದ ದಾಖಲೆಯ ಹಿಂಬರಹದಲ್ಲಿ ಮಾತ್ರ ಸಹಿ, ಸೀಲು, ತಾರೀಕು ಎಲ್ಲ ಸ್ಪಷ್ಟವಾಗಿರುತ್ತದೆ.

ಟಿಪ್ಪಣಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಅದರಲ್ಲಿರುವುದು ಸರಪಳಿ ಮತ್ತು ಆಣೆ. 33 ಅಡಿಗೆ ಒಂದು ಸರಪಳಿ, ಸರಪಳಿಗೆ 16 ಆಣೆ. ಉದ್ದ ಒಂದು ಸರಪಳಿ ಅಗಲ ಒಂದು ಸರಪಳಿ ಇದ್ದರೆ ಒಂದು ಗುಂಟೆ, 1,089 ಚದರಡಿ. ಲೆಕ್ಕ ಚೆಂದವಾಗಿಯೇ ಇದೆ. ದೇಶ 1957ರಲ್ಲಿ ಆಣೆ ಬಿಟ್ಟು ನಯಾಪೈಸೆಗೆ ಬಂತು, ಆಮೇಲೆ ಪೈಸೆಯನ್ನೂ ಬಿಟ್ಟು ಫೋನಿನಲ್ಲಿ ಸ್ಕ್ಯಾನ್ ಮಾಡುವ ಹಂತಕ್ಕೆ ಬಂತು, ಹೊಲದ ಬದು ಮಾತ್ರ ಇವತ್ತಿಗೂ ಆಣೆ ಲೆಕ್ಕದಲ್ಲೇ ನಿಂತಿದೆ. ಗ್ರಾಮ ನಕ್ಷೆ ನೋಡೋಣ ಅಂದರೆ ಅದರಲ್ಲಿ ಒಂದು ಇಂಚು ಅಂದರೆ ನೆಲದ ಮೇಲೆ 660 ಅಡಿ. ಅರ್ಧ ಮಿಲಿಮೀಟರ್ ದಪ್ಪದ ಗೆರೆ ಎಳೆದರೆ ಆ ಗೆರೆಯೇ ಹದಿಮೂರು ಅಡಿ ಅಗಲ. ಗೆರೆಯ ಈಚೆಗೆ ನಿಮ್ಮದು, ಆಚೆಗೆ ಅವರದು, ಗೆರೆಯ ಒಳಗೆ ಒಂದು ಅಂಗಡಿ ಹಾಕಬಹುದು. ಈ ಗೆರೆಗಳು ದಿಶಾಂಕ್ ಅನ್ನುವ ಆಪ್‌ನಲ್ಲಿ ಮೊಬೈಲಿಗೂ ಬಂದಿವೆ, ಹಾಗಾಗಿ ಈಗ ಎರಡು ಬೆರಳಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಜಗಳ ಆಡಬಹುದು.

ಮತ್ತೆ ರೋವರ್ ಬಂದಿದೆಯಲ್ಲ ಅಂತೀರಿ. ಬಂದಿದೆ. ಉಪಗ್ರಹದ ಸಿಗ್ನಲ್ ಹಿಡಿದು ನೀವು ಎಲ್ಲಿ ನಿಂತಿದ್ದೀರಿ ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತದೆ. ಆದರೆ ನೀವು ಎಲ್ಲಿ ನಿಂತಿದ್ದೀರಿ ಅಂತ ಇಲ್ಲಿ ಯಾರೂ ಕೇಳಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಬಿಸಿಲಿನಲ್ಲಿ ಸರಪಳಿ ಎಳೆದ ಮನುಷ್ಯ ಎಲ್ಲಿ ನಿಂತಿದ್ದ, ಸರಪಳಿ ಬಿಗಿಯಾಗಿತ್ತೋ ಸಡಿಲವಾಗಿತ್ತೋ, ಮುಳ್ಳಿನ ಪೊದೆ ಬಂದಾಗ ಸುತ್ತಿಕೊಂಡು ಹೋದನೋ ಅಂದಾಜಿನಲ್ಲಿ ಬರೆದನೋ, ಅದು ಪ್ರಶ್ನೆ. ಅವನನ್ನು ಯಾವ ಉಪಗ್ರಹವೂ ನೋಡಿಲ್ಲ.

ಅಳತೆ ಶುರು ಮಾಡಲು ಗಟ್ಟಿಯಾದ ಒಂದು ಹಳೇ ಕಲ್ಲು ಸಿಗಬೇಕು. ಮೂರು ಊರಿನ ಗಡಿ ಸೇರುವ ಕಡೆ ನೆಟ್ಟಿದ್ದ ಕಲ್ಲು ಯಾರದೋ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿರುತ್ತದೆ. ಮಿಕ್ಕ ಬಾಂದುಕಲ್ಲುಗಳು ಟ್ರ್ಯಾಕ್ಟರ್ ಬಂದ ವರ್ಷವೇ ಹೋದವು. ಕಲ್ಲು ಕಿತ್ತವರಿಗೆ ದಂಡ ಅಂತ ಕಾನೂನಿನಲ್ಲಿದೆ. ಕಲ್ಲನ್ನು ಕಾಪಾಡುವ ಹೊಣೆ ಜಮೀನಿನವರದ್ದೇ ಅಂತಲೂ ಇದೆ. ಅಂದರೆ ರಾತ್ರಿ ಕಳ್ಳ, ಹಗಲು ಕಾವಲುಗಾರ, ಎರಡೂ ಕೆಲಸಕ್ಕೆ ಜನ ಅವರೇ. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುವುದು ಗಾದೆ. ನಮ್ಮ ಬೇಲಿಗಳು ಅಷ್ಟು ಒರಟಲ್ಲ. ಮೇಯುವುದಿಲ್ಲ, ವರ್ಷಕ್ಕೊಂದು ಮೊಳ ಸುಮ್ನೆ ನಡೆಯುತ್ತವೆ. ಸರ್ಕಾರಿ ಕೆರೆ, ಗೋಮಾಳ ಪಕ್ಕದಲ್ಲಿದ್ದರೆ ಸ್ವಲ್ಪ ಜಾಸ್ತಿ ನಡೆಯುತ್ತವೆ, ಅಲ್ಲಿ ನೋಟಿಸ್ ಕೊಡಲು ಪಕ್ಕದ ಮನೆಯವರಿಲ್ಲವಲ್ಲ.

ಭೂಮಾಪಕರನ್ನು ಬೈದು ಪ್ರಯೋಜನವಿಲ್ಲ. ಕೈಯಲ್ಲಿ ಹರಿದ ಟಿಪ್ಪಣಿ, ತಲೆ ಮೇಲೆ ಬಿಸಿಲು, ಎಡಕ್ಕೊಬ್ಬ ಬಲಕ್ಕೊಬ್ಬ ಮಚ್ಚು ಹಿಡಿದ ದಾಯಾದಿ. ಮಚ್ಚು ಪೊದೆ ಸವರುವುದಕ್ಕೆ ಅಂತಲೇ ಹೇಳುತ್ತಾರೆ, ಆದರೂ. ಇಂಥ ಹೊತ್ತಿನಲ್ಲಿ ಯಾವ ಮನುಷ್ಯನಾದರೂ ಗಡಿಯನ್ನು ನಡುವೆಯೇ ಗುರುತಿಸುತ್ತಾನೆ. ಆಗ ಇಬ್ಬರಿಗೂ ಅಸಮಾಧಾನ ಆಗುತ್ತದೆ, ಇಬ್ಬರೂ ಸಹಿ ಹಾಕುವುದಿಲ್ಲ, ಮೇಲ್ಮನವಿ ಆಗುತ್ತದೆ, ಕೊನೆಗೆ ‘ಸಿವಿಲ್ ಕೋರ್ಟಿನಲ್ಲಿ ಪರಿಹಾರ ಪಡೆದುಕೊಳ್ಳಿ’ ಅಂತ ಒಂದು ಕಾಗದ ಕೈಗೆ ಬರುತ್ತದೆ.

ಕೋರ್ಟಿಗೆ ಹೋಗುತ್ತಾರೆ. ವರ್ಷಗಳು ಹೋಗುತ್ತವೆ. ನ್ಯಾಯಾಧೀಶರಿಗೆ ಹೊಲದ ಅಳತೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಹಾಗಾಗಿ ಸ್ಥಳಕ್ಕೆ ಹೋಗಿ ಅಳೆದು ವರದಿ ಕೊಡಿ ಅಂತ ಕೋರ್ಟ್ ಕಮಿಷನರನ್ನು ನೇಮಿಸುತ್ತಾರೆ. ಆ ಕಮಿಷನರು ಯಾರು ಅಂದರೆ, ಬಹಳ ಸಲ, ಅದೇ ತಾಲ್ಲೂಕಿನ ಸರ್ವೆ ಕಚೇರಿಯವರೇ. ಅವರು ಅದೇ ಟಿಪ್ಪಣಿ ಹಿಡಿದುಕೊಂಡು, ಅದೇ ಪಕ್ಕದವರಿಗೆ ಮತ್ತೆ ನೋಟಿಸ್ ಕೊಟ್ಟು, ಅದೇ ಹೊಲಕ್ಕೆ ಬರುತ್ತಾರೆ. ಈ ಸಲ ಎರಡೂ ಕಡೆಯ ವಕೀಲರು ಜೊತೆಗಿರುತ್ತಾರೆ. ಕೆಸರು ಮೆತ್ತಬಾರದು ಅಂತ ಅವರು ಬದುವಿನ ಮೇಲೇ ನಡೆಯುತ್ತಾರೆ, ಉಳಿದಿದ್ದ ಬದುವೂ ಅಷ್ಟು ಕುಸಿಯುತ್ತದೆ.