ಯೋಗಿ ಬೆರಾ ಅಂದ್ರೆ ಬರೀ ಜೋಕ್ ಅಲ್ಲ ಕಣ್ರಿ

ನ್ಯೂಜೆರ್ಸಿಗೆ ಬಂದು ಇಷ್ಟು ವರ್ಷ ಆದ್ರೂ ಬೇಸ್‌ಬಾಲ್ ನನ್ನ ತಲೆಗೆ ಹತ್ತಿರ್ಲಿಲ್ಲ. ಮೂರು ಗಂಟೆ ಕೂತ್ರೂ ಮೂರು ರನ್ ಬರಲ್ಲ, ಇದೆಂಥ ಆಟನಪ್ಪ ಅಂತ ಚಾನೆಲ್ ಬದಲಾಯಿಸ್ತಿದ್ದೆ. ಹೋದ ವರ್ಷ ಮಗ ಮಕ್ಕಳ ಬೇಸ್‌ಬಾಲ್ ಆದ ಲಿಟಲ್ ಲೀಗ್ ಸೇರ್ದ, ಟೀಮಲ್ಲಿ ಯಾರಿಗೂ ಬೇಡವಾದ ಕ್ಯಾಚರ್ ಕೆಲಸ ಇವನ ಕೊರಳಿಗೆ ಬಿತ್ತು. ನಮ್ಮ ಗಲ್ಲಿ ಕ್ರಿಕೆಟಲ್ಲೂ ಅಷ್ಟೇ ಅಲ್ವಾ, ಬ್ಯಾಟಿಂಗೂ ಬರ್ದೆ ಬೌಲಿಂಗೂ ಬರ್ದೆ ಇರೋನನ್ನ ಕೀಪಿಂಗ್‌ಗೆ ನಿಲ್ಸೋದು (ಹಾಸನದಲ್ಲಿ ನಾಲ್ಕು ವರ್ಷ ನಾನೇ ನಿಂತಿದ್ದೆ, ಅನುಭವದ ಮಾತು).

ಆದ್ರೆ ಕ್ಯಾಚರ್ ಕೆಲಸ ಹತ್ರದಿಂದ ನೋಡಿದ್ಮೇಲೆ ಗೊತ್ತಾಯ್ತು, ನಮ್ಮ ಕೀಪಿಂಗ್ ಇದರ ಮುಂದೆ ಆರಾಮ. ದೊಡ್ಡೋರ ಆಟದಲ್ಲಿ ಅರವತ್ತು ಅಡಿ ಆರು ಇಂಚು ದೂರದಿಂದ ಬರೋ ಬಾಲು ನೆಲಕ್ಕೆ ಬೀಳದೆ ನೇರ ಮುಖಕ್ಕೇ ಬರತ್ತೆ, ಬ್ಯಾಟಿಗೆ ಸ್ವಲ್ಪ ಸವರಿದ್ರೆ ಗಂಟಲಿಗೋ ಭುಜಕ್ಕೋ ಬೀಳತ್ತೆ, ಮಾಸ್ಕು ಎದೆಕವಚ ಮೊಣಕಾಲಿನ ಗಾರ್ಡು ಎಲ್ಲ ಕಟ್ಕೊಂಡು ಬಿಸಿಲಲ್ಲಿ ನೂರಾರು ಸಲ ಕುಕ್ಕರುಗಾಲಲ್ಲಿ ಕೂತು ಏಳ್ಬೇಕು. ಇಷ್ಟರ ಮೇಲೆ ಯಾವ ಬಾಲ್ ಹಾಕ್ಬೇಕು ಅಂತ ತೊಡೆಗಳ ಮಧ್ಯೆ ಬೆರಳಲ್ಲಿ ಸನ್ನೆ ಮಾಡಿ ಬಾಲ್ ಎಸೆಯೋ ಪಿಚ್ಚರ್‌ಗೆ ಹೇಳೋನೂ ಇವನೇ. ಮಿಕ್ಕ ಎಂಟು ಜನ ಇವನ ಕಡೆ ಮುಖ ಮಾಡಿ ನಿಂತಿದ್ರೆ ಇವನೊಬ್ಬ ಮಾತ್ರ ಇಡೀ ಮೈದಾನ ನೋಡ್ತಾ ಕೂತಿರ್ತಾನೆ. 2022ರಿಂದ ಮೇಜರ್ ಲೀಗಲ್ಲಿ ಸನ್ನೆ ಬದ್ಲು ಬಟನ್ ಒತ್ತೋ ಮೆಷಿನ್ನೂ ಬಂದಿದೆ ಬಿಡಿ, ನನಗೇನೋ ಬೆರಳೇ ಚೆಂದ.

ಮಗನ ನೆಪದಲ್ಲಿ ಮಾಂಟ್‌ಕ್ಲೇರ್ ಸ್ಟೇಟ್ ಯೂನಿವರ್ಸಿಟಿ ಕ್ಯಾಂಪಸ್ಸಲ್ಲಿರೋ ಯೋಗಿ ಬೆರಾ ಮ್ಯೂಸಿಯಮ್‌ಗೆ ಹೋದ್ವಿ. ಯೋಗಿ ಅಂದ್ರೆ ನ್ಯೂಯಾರ್ಕ್ ಯಾಂಕೀಸ್ ಟೀಮಿನ ಹಳೇ ಕ್ಯಾಚರ್. ನನಗೆ ಅವನ ಬಗ್ಗೆ ಗೊತ್ತಿದ್ದಿದ್ದು ಆಫೀಸಲ್ಲಿ ಪ್ರತಿ ಪ್ರೆಸೆಂಟೇಶನ್ನಿಗೂ ಯಾರಾದ್ರೂ ಒಬ್ಬರು ತುರುಕೋ ಅವನ ತಮಾಷೆ ಮಾತುಗಳು ಅಷ್ಟೇ, ಆಟ ಮುಗಿಯೋವರೆಗೂ ಮುಗಿದಿಲ್ಲ ಅನ್ನೋ ಥರದ್ದು. ಅಲ್ಲಿಂದ ಆಚೆ ಬರೋ ಹೊತ್ತಿಗೆ ನನಗೆ ನಿಜವಾಗ್ಲೂ ಸಿಟ್ಟು ಬಂದಿತ್ತು. ಇಂಥ ಆಟಗಾರನನ್ನ ಜನ ಕಾಮಿಡಿ ಪೀಸ್ ಮಾಡಿಟ್ಟಿದ್ದಾರಲ್ಲ ಅಂತ.

ಹೆಸರಿನ ಕಥೆ ಮೊದ್ಲು ಹೇಳ್ಬಿಡ್ತೀನಿ. ನಿಜವಾದ ಹೆಸರು ಲೊರೆಂಜೊ ಪಿಯೆತ್ರೊ ಬೆರಾ, 1925ರಲ್ಲಿ ಸೇಂಟ್ ಲೂಯಿಸ್‌ನ ಇಟಾಲಿಯನ್ನರ ಕೇರಿಯಲ್ಲಿ ಹುಟ್ಟಿದ್ದು. ಗೆಳೆಯನೊಬ್ಬ ಥಿಯೇಟರಲ್ಲಿ ಇಂಡಿಯಾದ ಬಗ್ಗೆ ಏನೋ ನೋಡಿದ್ನಂತೆ, ಅದರಲ್ಲೊಬ್ಬ ಯೋಗಿ. ಬ್ಯಾಟಿಂಗ್‌ಗೆ ಕಾಯ್ತಾ ಕಾಲು ಮಡಚಿ ಕೈ ಕಟ್ಟಿ ಕೂರೋ ಇವನೂ ಹಂಗೇ ಕಂಡ, ಯೋಗಿ ಅಂತ ಕರೆದ, ಆ ಹೆಸರೇ ಉಳೀತು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಎದುರು ಮನೆ ಗೆಳೆಯ ಜೋ ಗರಜಿಯೋಲಾನೂ ಕ್ಯಾಚರ್ರೇ, ಊರಿನ ಕಾರ್ಡಿನಲ್ಸ್ ಟೀಮು ಸೇರಕ್ಕೆ ಅವನಿಗೆ 500 ಡಾಲರ್ ಕೊಟ್ಟು ಇವನಿಗೆ 250 ಸಾಕು ಅಂತು. ಇವನು ಒಪ್ಪಲಿಲ್ಲ. ಆಮೇಲೆ ಯಾಂಕೀಸ್‌ನವ್ರು ಆ 500 ಕೊಟ್ರು. ನಡುವೆ ಯುದ್ಧ, ನೇವಿ ಸೇರಿ 1944ರಲ್ಲಿ ನಾರ್ಮಂಡಿ ದಡದ ಹತ್ರ ರಾಕೆಟ್ ದೋಣಿಯಲ್ಲಿದ್ದ, ಆಗ ವಯಸ್ಸು 19.

1946ರಲ್ಲಿ ಯಾಂಕೀಸ್‌ಗೆ ಬಂದಾಗ ಇವನು ಒಳ್ಳೇ ಕ್ಯಾಚರ್ ಆಗಿರ್ಲೇ ಇಲ್ಲ, ಇದನ್ನ ನಾನು ಒತ್ತಿ ಹೇಳ್ತೀನಿ. 1947ರ ವರ್ಲ್ಡ್ ಸೀರೀಸಲ್ಲಿ (ಸೀಸನ್ ಕೊನೆಯ ಫೈನಲ್) ಬ್ರೂಕ್ಲಿನ್ ಡಾಡ್ಜರ್ಸ್‌ನವ್ರು ಇವನ ಥ್ರೋಗೆ ಕ್ಯಾರೇ ಅನ್ನದೆ ಬೇಸ್ ಕದ್ದು ಕದ್ದು ಓಡಿದ್ರು, ಅಂದ್ರೆ ಬ್ಯಾಟರ್ ಹೊಡೆಯೋದನ್ನ ಕಾಯದೆ ಮುಂದಿನ ಬೇಸ್‌ಗೆ ಓಡಿಬಿಡೋದು. 1949ರಲ್ಲಿ ಹಳೇ ಕ್ಯಾಚರ್ ಬಿಲ್ ಡಿಕ್ಕಿ ಬಂದು ಕಾಲು ಎಲ್ಲಿಡ್ಬೇಕು, ಹೆಂಗೆ ಎಸೀಬೇಕು ಅನ್ನೋದನ್ನ ಮೊದಲಿಂದ ಕಲಿಸಿದ. ಅಲ್ಲಿಂದ 1953ರವರೆಗೆ ಸತತ ಐದು ವರ್ಷ ಯಾಂಕೀಸ್ ಚಾಂಪಿಯನ್. ಒಟ್ಟು 10 ವರ್ಲ್ಡ್ ಸೀರೀಸ್ ಗೆದ್ದ, ಆಟಗಾರನಾಗಿ ಅಷ್ಟು ಗೆದ್ದೋರು ಇನ್ನೊಬ್ಬರಿಲ್ಲ. ಮೂರು ಸಲ ಲೀಗಿನ ಎಂವಿಪಿ, ಅಂದ್ರೆ ವರ್ಷದ ಅತ್ಯುತ್ತಮ ಆಟಗಾರ. ಇನ್ನು ಬ್ಯಾಟಿಂಗು, ತಲೆ ಮಟ್ಟದ ಬಾಲೂ ಹೊಡೀತಿದ್ದ, ಪಾದದ ಹತ್ರ ಬಂದಿದ್ದೂ ಹೊಡೀತಿದ್ದ, 1950ರ ಇಡೀ ಸೀಸನ್ನಲ್ಲಿ ಸ್ಟ್ರೈಕೌಟ್ (ಮೂರು ಸ್ಟ್ರೈಕ್ ಆಗಿ ಔಟ್) ಆಗಿದ್ದು 12 ಸಲ. ಹನ್ನೆರಡೇ! ಈಗಿನೋರು ಎಷ್ಟೋ ಜನ ಒಂದೇ ವಾರದಲ್ಲಿ ಅಷ್ಟು ಆಗ್ತಾರೆ.

1955ರ ವರ್ಲ್ಡ್ ಸೀರೀಸಲ್ಲಿ ಡಾಡ್ಜರ್ಸ್‌ನ ಜಾಕಿ ರಾಬಿನ್ಸನ್ ರನ್ ಸಿಗೋ ಕೊನೇ ಬೇಸ್ ಹೋಮ್ ಪ್ಲೇಟನ್ನೇ ಕದ್ದಾಗ ಅಂಪೈರ್ ಸೇಫ್ ಅಂದ್ರು, ಇವನು ಮಾಸ್ಕ್ ಕಿತ್ತು ಕುಣಿದಾಡಿ ಜಗಳ ಆಡಿದ, ಸಾಯೋವರೆಗೂ ಅದು ಔಟೇ ಅಂದ. ನಾನು ವಿಡಿಯೋ ಹತ್ತು ಸಲ ನೋಡಿದೀನಿ, ನನಗಂತೂ ಹೇಳಕ್ಕಾಗಲ್ಲ.

ಮಾರನೇ ವರ್ಷ ಅಕ್ಟೋಬರ್ 8ಕ್ಕೆ ಡಾನ್ ಲಾರ್ಸನ್ ಅನ್ನೋ ಸಾಧಾರಣ ಪಿಚ್ಚರ್ ವರ್ಲ್ಡ್ ಸೀರೀಸಲ್ಲೇ ಪರ್ಫೆಕ್ಟ್ ಗೇಮ್ ಹಾಕ್ದ, ಅಂದ್ರೆ 27 ಬ್ಯಾಟರ್‌ಗಳಲ್ಲಿ ಒಬ್ಬನಿಗೂ ಮೊದಲ ಬೇಸ್ ಮುಟ್ಟಕ್ಕೂ ಬಿಡಲಿಲ್ಲ. 97 ಬಾಲು. ಅವತ್ತು ಯೋಗಿ ಕೊಟ್ಟ ಒಂದು ಸನ್ನೆಗೂ ಲಾರ್ಸನ್ ತಲೆ ಅಡ್ಡ ಆಡಿಸಲಿಲ್ಲ ಅಂತಾರೆ. ಎಲ್ಲರ ನೆನಪಲ್ಲಿ ಇರೋದು ಯೋಗಿ ಮಂಗನ ಥರ ಎಗರಿ ಲಾರ್ಸನ್ ಮೈಮೇಲೆ ಹತ್ತಿದ ಫೋಟೋ. 97 ಸಲ ಯೋಚನೆ ಮಾಡ್ದೋನು ಯಾರು ಅಂತ ಯಾರೂ ಕೇಳಲ್ಲ.

ರಿಟೈರ್ ಆದ್ಮೇಲೆ 1964ರಲ್ಲಿ ಯಾಂಕೀಸ್ ಮ್ಯಾನೇಜರ್ ಆದ, ಟೀಮನ್ನ ವರ್ಲ್ಡ್ ಸೀರೀಸ್‌ಗೆ ಕರ್ಕೊಂಡೋದ, ಏಳನೇ ಮ್ಯಾಚಲ್ಲಿ ಸೋತ್ರು, ಕೆಲ್ಸದಿಂದ ತೆಗೆದ್ರು. ಮತ್ತೆ ಅದೇ ಟೀಮಿಗೆ ಮ್ಯಾನೇಜರ್ ಆಗಿದ್ದಾಗ 1985ರಲ್ಲಿ ಇನ್ನೂ ಅನ್ಯಾಯ, ಸೀಸನ್ ಪೂರ್ತಿ ನೀನೇ ಅಂತ ಮಾತು ಕೊಟ್ಟ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನ್ನರ್ 16 ಮ್ಯಾಚಿಗೇ ತೆಗೆದ, ಅದೂ ತಾನು ಬಂದು ಹೇಳ್ದೆ ಇನ್ನೊಬ್ಬರ ಕೈಲಿ ಹೇಳಿ ಕಳಿಸ್ದ. ಯೋಗಿ ಕೂಗಾಡಲಿಲ್ಲ, ಪೇಪರಲ್ಲಿ ಬೈಲಿಲ್ಲ. ಆ ಸ್ಟೇಡಿಯಂ ಕಡೆ 14 ವರ್ಷ ತಲೆ ಹಾಕಲಿಲ್ಲ ಅಷ್ಟೇ. ಅವನ ಅಷ್ಟೂ ಮಾತುಗಳಿಗಿಂತ ನನಗೆ ಈ ಮೌನಾನೇ ಇಷ್ಟ. ಕೊನೆಗೆ 1999ರ ಜನವರಿಯಲ್ಲಿ ಮಾಲೀಕನೇ ಇದೇ ಮ್ಯೂಸಿಯಮ್‌ಗೆ ಬಂದು ತಪ್ಪಾಯ್ತು ಅಂದ.

ಅದೇ ವರ್ಷ ಜುಲೈ 18ಕ್ಕೆ ಸ್ಟೇಡಿಯಮಲ್ಲಿ ಯೋಗಿ ಬೆರಾ ದಿನ. ಲಾರ್ಸನ್ ಬಂದು ಮೊದಲ ಬಾಲ್ ಎಸೆದ, 74 ವರ್ಷದ ಯೋಗಿ ಆವತ್ತಿನ ಕ್ಯಾಚರ್ ಜೋ ಜಿರಾರ್ಡಿ ಹತ್ರ ಮಿಟ್ (ಕ್ಯಾಚರ್ ಗ್ಲೌಸ್) ಕಡ ಇಸ್ಕೊಂಡು ಅದನ್ನ ಹಿಡಿದ, ವಾಪಸ್ ಕೊಟ್ಟ. ಅದಾದ್ಮೇಲೆ ಯಾಂಕೀಸ್ ಪಿಚ್ಚರ್ ಡೇವಿಡ್ ಕೋನ್ ಬೌಲ್ ಮಾಡಕ್ಕೆ ನಿಂತ, 88 ಬಾಲಲ್ಲಿ 27 ಜನ ಔಟ್, ಇನ್ನೊಂದು ಪರ್ಫೆಕ್ಟ್ ಗೇಮ್. ಮಗನಿಗೆ ಕಾರಲ್ಲಿ ಇದನ್ನ ಹೇಳ್ದೆ. ಅವನು ಕೇಳಿದ್ದು ಒಂದೇ, ಅಪ್ಪ, ಯೋಗಿಗೂ ಮಂಡಿ ನೋಯ್ತಿತ್ತಾ?