ಮನೆಯ ಕಂಪ್ಯೂಟರ್‌ನಲ್ಲಿ ಒತ್ತಕ್ಷರ ಕಾಣಬೇಕು

"ಒತ್ತಕ್ಷರ ಎಲ್ಲ ಕಾಣ್ತದಲ್ಲ ಮಾರಾಯ್ತಿ!"

ಹೊಸ ಕಂಪ್ಯೂಟರ್ ಜೋಡಿಸಿದ ದಿನ ಅಪ್ಪ ಮೊದಲು ಹೇಳಿದ ಮಾತು ಇದು. ಪ್ರೊಸೆಸರ್ ಯಾವುದು, ಎಷ್ಟು ಜಿಬಿ, ಒಂದನ್ನೂ ಕೇಳಲಿಲ್ಲ. ಅವರಿಗೀಗ 76. ಮೇಷ್ಟರಾಗಿದ್ದವರು. ಹನ್ನೆರಡು ವರ್ಷದಿಂದ ನಮ್ಮ ಸಾಗರ ಸೀಮೆಯ ಊರುಗಳ ಕಥೆ ಟೈಪ್ ಮಾಡುತ್ತಿದ್ದಾರೆ. ಯಾರ ಮನೆ ಎಲ್ಲಿತ್ತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಯಾರು ಎಲ್ಲಿಗೆ ಹೋದರು, ಎಲ್ಲ ಅದರಲ್ಲಿದೆ. ಮನೆಗೆ ಕಂಪ್ಯೂಟರ್ ಬೇಕಾದದ್ದು ಮುಖ್ಯವಾಗಿ ಈ ಕೆಲಸಕ್ಕೆ. ಆಮೇಲೆ ಮಗಳ ಓದು, ನನ್ನ ಅಡಿಕೆ ಲೆಕ್ಕ, ಬ್ಯಾಂಕ್ ವ್ಯವಹಾರ.

ಹಳೆಯದು 2013ರಲ್ಲಿ ತಂದದ್ದು. ಇಂಟೆಲ್ ಕಂಪನಿಯ ಮೂರನೇ ತಲೆಮಾರಿನ ಐ3 ಪ್ರೊಸೆಸರ್. ವಿಂಡೋಸ್ 10ಕ್ಕೆ ಮಾಮೂಲಿ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಾದರೂ ಇರಬೇಕು. ಒಂದು ವರ್ಷ ಹೆಚ್ಚುವರಿ ಅಪ್‌ಡೇಟ್ ಪಡೆಯುವ ದಾರಿ ಇತ್ತು, ಆದರೆ ಅದು ದಿನ ಮುಂದೂಡಿದ ಹಾಗೆ ಅಷ್ಟೇ. ಬ್ಯಾಂಕಿನ ಪಾಸ್‌ವರ್ಡ್ ಹಾಕುವ ಯಂತ್ರದಲ್ಲಿ ಅಷ್ಟು ಧೈರ್ಯ ನನಗೆ ಬರಲಿಲ್ಲ.

ಬೆಂಗಳೂರಲ್ಲಿರುವ ತಮ್ಮ, "ಅಕ್ಕಾ, ಲ್ಯಾಪ್‌ಟಾಪ್ ತಗೋ, ಸುಮ್ನೆ ಜಾಗ ಯಾಕೆ ಹಾಳು" ಅಂದ. ನಾನು ಒಪ್ಪಲಿಲ್ಲ. ದಿನಕ್ಕೆ ಮೂರು ತಾಸು ಕೂತು ಬರೆಯುವ ಹಿರಿಯರಿಗೆ ಲ್ಯಾಪ್‌ಟಾಪ್ ಕೊಟ್ಟರೆ ಕುತ್ತಿಗೆ ಬಗ್ಗಿಸಿಯೇ ಇರಬೇಕು. ಡೆಸ್ಕ್‌ಟಾಪ್‌ನಲ್ಲಿ ಮಾನಿಟರ್ ಕಣ್ಣಿನ ಎತ್ತರಕ್ಕೆ ಇಡಬಹುದು, ಕೀಬೋರ್ಡ್ ಕೈಗೆ ಬೇಕಾದಲ್ಲಿ. ಕೀಬೋರ್ಡ್ ಕೆಟ್ಟರೆ ಕೀಬೋರ್ಡ್ ಮಾತ್ರ ತಂದರಾಯಿತು. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತದೆ. ಬಿಚ್ಚಿ ಹಾಕೋಕೆ ಬರೋದಿಲ್ಲ.

ಕೊನೆಗೆ ಅವನೇ ಎಸ್‌ಪಿ ರೋಡಿಗೆ ಕರೆದುಕೊಂಡು ಹೋದ. ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಅದು. ಮೊದಲ ಅಂಗಡಿಯವರು ಬರೆದುಕೊಟ್ಟ ಪಟ್ಟಿ ಹೀಗಿತ್ತು: ಬಣ್ಣದ ದೀಪ ಉರಿಯುವ ಕ್ಯಾಬಿನೆಟ್, ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್, 27 ಇಂಚಿನ ಫುಲ್ ಎಚ್‌ಡಿ ಮಾನಿಟರ್, ಎಸ್‌ಎಂಪಿಎಸ್ ಉಚಿತ. ನನಗೆ ಆ 'ಉಚಿತ' ಎಂಬ ಪದ ಕಂಡದ್ದೇ ಎದೆ ಧಸಕ್ ಅಂತು. ಹಳೆಯ ಕಂಪ್ಯೂಟರಿಗೂ ಇನ್ನೊಂದು ಅಂಗಡಿಯವರು ಕ್ಯಾಬಿನೆಟ್ ಜೊತೆ ಹಾಗೇ ಕೊಟ್ಟಿದ್ದರು. ನಾಲ್ಕನೇ ವರ್ಷ ಅದು ಢಬ್ ಅಂತ ಸಿಡಿಯಿತು. ಹೋಗುವಾಗ ಮದರ್‌ಬೋರ್ಡನ್ನೂ ಸುಟ್ಟುಹಾಕಿತು. ಎಲ್ಲ ಭಾಗಕ್ಕೂ ಕರೆಂಟ್ ಹಂಚುವುದು ಎಸ್‌ಎಂಪಿಎಸ್. ಅಲ್ಲಿ ಉಳಿಸಿದ ಎರಡು ಸಾವಿರ ಆಮೇಲೆ ಎಂಟು ಸಾವಿರದ ಖರ್ಚು ತಂದಿತ್ತು.

ಗ್ರಾಫಿಕ್ಸ್ ಕಾರ್ಡ್ ಬಿಟ್ಟೆವು. ಮನೆಯಲ್ಲಿ ಗೇಮ್ ಆಡುವವರಿಲ್ಲ. ರೈಝನ್ 5 5600ಜಿ ತಗೊಂಡೆವು. ಆರು ಕೋರ್, ಗ್ರಾಫಿಕ್ಸ್ ಅದರ ಒಳಗೇ ಇದೆ. 2021ರ ಪ್ರೊಸೆಸರ್, ಹಳೆಯದು ಅಂತ ಒಬ್ಬರು ಮೂಗು ಮುರಿದರು. ನಮ್ಮ ಕೆಲಸಕ್ಕೆ ಅದೇ ಜಾಸ್ತಿ. ರ‍್ಯಾಮ್ 8 ಜಿಬಿಯ ಎರಡು ಪಟ್ಟಿ. ಗ್ರಾಫಿಕ್ಸ್ ಒಳಗೇ ಇರುವ ಪ್ರೊಸೆಸರ್‌ಗೆ 16ರ ಒಂದು ಪಟ್ಟಿಗಿಂತ ಎರಡು ಎಂಟು ಒಳ್ಳೆಯದು, ಎರಡು ದಾರಿಯಲ್ಲಿ ಒಟ್ಟಿಗೆ ಮಾಹಿತಿ ಓಡಾಡುತ್ತದೆ. ಹಾರ್ಡ್‌ಡಿಸ್ಕ್ ಜಾಗಕ್ಕೆ ಎಸ್‌ಎಸ್‌ಡಿ. ತಿರುಗುವ ತಟ್ಟೆ ಇಲ್ಲದ, ಬಹಳ ವೇಗದ ಸಂಗ್ರಹ ಅದು. ಇದರ ಬಗ್ಗೆ ಎರಡು ಮಾತೇ ಬೇಡ.

ಇನ್ನು ಮಾನಿಟರ್. ಇಲ್ಲಿ ನಾನು ಹಟ ಹಿಡಿದೆ. ಮಾನಿಟರ್ ದೊಡ್ಡದಾದಷ್ಟೂ ಅಕ್ಷರ ಚೆನ್ನಾಗಿ ಕಾಣುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ ಅಲ್ವಾ? ಹಾಗಲ್ಲ. ಫುಲ್ ಎಚ್‌ಡಿ ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. 24 ಇಂಚಿನಲ್ಲಿ ಅದು ಇಂಚಿಗೆ ಸುಮಾರು 92 ಚುಕ್ಕಿ ಆಗುತ್ತದೆ. ಅದೇ ಚುಕ್ಕಿಗಳನ್ನು 27 ಇಂಚಿಗೆ ಹರಡಿದರೆ ಇಂಚಿಗೆ 82ಕ್ಕೆ ಇಳಿಯುತ್ತದೆ. ನಮ್ಮ ಹಳೆಯ ಹದಿನೆಂಟೂವರೆ ಇಂಚಿನ ಮಾನಿಟರಲ್ಲೇ 85 ಇತ್ತು! ಇಂಗ್ಲಿಷ್ ಅಕ್ಷರಕ್ಕೆ ಇದು ಅಷ್ಟು ತೊಂದರೆ ಕೊಡುವುದಿಲ್ಲ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. 'ಲಕ್ಷ್ಮಿ', 'ರಾಷ್ಟ್ರ' ಬರೆದು ನೋಡಿ. ಚುಕ್ಕಿ ಕಮ್ಮಿ ಇದ್ದರೆ ಒತ್ತಿನ ಜಾಗದಲ್ಲಿ ಬರೀ ಮಸಿ. ಅಪ್ಪ ಅದಕ್ಕೇ ಅಕ್ಷರ ದೊಡ್ಡ ಮಾಡಿಕೊಂಡು, ಒಂದು ಸಲಕ್ಕೆ ಎಂಟು ಸಾಲು ಮಾತ್ರ ನೋಡುತ್ತಾ ಬರೆಯುತ್ತಿದ್ದರು. ಈಗ ತಂದದ್ದು 27 ಇಂಚು, 2560 ಅಡ್ಡ, 1440 ಉದ್ದ. ಇಂಚಿಗೆ 109 ಚುಕ್ಕಿ. ಯುಪಿಎಸ್, ಅಸಲಿ ವಿಂಡೋಸ್ ಎಲ್ಲ ಸೇರಿ 68 ಸಾವಿರ ಚಿಲ್ಲರೆ ಆಯಿತು. ಅದರಲ್ಲಿ ಕಾಲು ಭಾಗ ಮಾನಿಟರ್‌ಗೇ ಹೋಯಿತು. ಇಡೀ ಖರ್ಚಿನಲ್ಲಿ ನನಗೆ ತುಂಬಾ ಸಮಾಧಾನ ಕೊಟ್ಟದ್ದು ಅದೇ.

ಅಸಲಿ ವಿಂಡೋಸ್ ಅಂದೆನಲ್ಲ, "ಕಾಸಿಲ್ಲದೆ ಹಾಕಿಕೊಡ್ತೀವಿ ಮೇಡಂ" ಅಂದವರೂ ಸಿಕ್ಕಿದರು. ಬೇಡ ಅಂದೆ. ಬೀಗ ಮುರಿದ ಸಾಫ್ಟ್‌ವೇರ್ ಒಳಗೆ ಇನ್ನೇನು ಬಂದು ಕೂತಿದೆ ಅಂತ ಯಾರಿಗೆ ಗೊತ್ತು? ದುಡ್ಡು ಇಲ್ಲದಿದ್ದರೆ ವಿಂಡೋಸ್ ಬದಲು ಹಾಕಿಕೊಳ್ಳಲು ಲಿನಕ್ಸ್ ಮಿಂಟ್ ಇದೆ, ಉಚಿತ, ಕನ್ನಡವೂ ಬರುತ್ತದೆ. ಹಳೆಯ ಕಂಪ್ಯೂಟರಿಗೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿ ಅದನ್ನೇ ಹಾಕಿಸಿದ್ದೇನೆ. ಮಗಳು ಅದರಲ್ಲಿ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಾಳೆ.

ಊರಿಗೆ ತಂದ ಮೇಲೆ ಎರಡು ದಿನ ಪೆಟ್ಟಿಗೆ ಬಿಚ್ಚಲಿಲ್ಲ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಮಾಡಿಸಿದೆ. ಹಳೆಯ ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ನಾವು ಅದನ್ನು ಮಾಮೂಲು ಅಂದುಕೊಂಡಿದ್ದೆವು. ಪ್ಲಗ್‌ನ ಮೂರನೇ ಪಿನ್‌ಗೆ ನೆಲದ ಸಂಪರ್ಕ ಇಲ್ಲದಿದ್ದರೆ ಎಸ್‌ಎಂಪಿಎಸ್‌ನಿಂದ ಸೋರುವ ಸ್ವಲ್ಪ ಕರೆಂಟ್ ತಗಡಿನ ಮೇಲೇ ನಿಲ್ಲುತ್ತದೆ. ನಮ್ಮದು ಏಪ್ರಿಲ್-ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಊರು. ಮೋಡ ಕಪ್ಪಾಯಿತು ಅಂದರೆ ಪ್ಲಗ್ ಕೀಳಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್ನೆಟ್ ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಬರುವುದಿಲ್ಲ ನಿಜ. ಆದರೆ ರೌಟರ್‌ನ ಅಡಾಪ್ಟರ್ ಗೋಡೆಯಲ್ಲಿರುತ್ತದೆ, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಕಂಪ್ಯೂಟರಿಗೆ ಬರಬಹುದು. ಆ ಕೇಬಲನ್ನೂ ತೆಗೆಯುತ್ತೇವೆ. ಯುಪಿಎಸ್ ಇರುವುದು ಕರೆಂಟ್ ಹೋದಾಗ ಬರೆದದ್ದನ್ನು ಸೇವ್ ಮಾಡಿ ಆಫ್ ಮಾಡುವುದಕ್ಕೆ. ಅದು ಸಿಡಿಲು ತಡೆಯುತ್ತದೆ ಅಂತ ನಂಬಿ ಕೂರಬೇಡಿ.

ದೊಡ್ಡ ಕೆಲಸ ಬಂದದ್ದು ಆಮೇಲೆ. ಅಪ್ಪನ ಹಳೆಯ ಫೈಲ್‌ಗಳನ್ನು ಹೊಸದರಲ್ಲಿ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆಗಳ ಗೋಜಲು. ಅಪ್ಪ ಕುರ್ಚಿ ಹಿಡಿದು ನಿಂತುಬಿಟ್ಟರು. ಅವೆಲ್ಲ 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದವು. ಆ ಫಾಂಟ್ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿತ್ತು. ಫಾಂಟ್ ಇಲ್ಲದ ಕಡೆ ಬಟ್ಟೆ ಕಳಚಿದ ಹಾಗೆ ಇಂಗ್ಲಿಷ್ ಹೊರಗೆ ಬರುತ್ತದೆ. ಫಾಂಟ್ ಹಾಕಿದ ಮೇಲೆ ಓದೋಕೆ ಬಂತು. ಆದರೆ ಅಲ್ಲಿಗೇ ಬಿಡಬಾರದು ಅನಿಸಿತು. ಒಂದೊಂದೇ ಫೈಲನ್ನು, ಎಲ್ಲ ಯಂತ್ರಗಳಲ್ಲೂ ಕನ್ನಡ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ಬದಲಿಸುತ್ತಿದ್ದೇವೆ. ಬದಲಿಸುವ ತಂತ್ರಾಂಶ ಇದೆ, ಆದರೂ ಅರ್ಕಾವೊತ್ತು ಬಂದ ಕಡೆ ಕಣ್ಣಿಟ್ಟು ನೋಡಬೇಕು. ಕೀಲಿಮಣೆಯ ವಿನ್ಯಾಸ ಮಾತ್ರ ಅದೇ, ಕೆ.ಪಿ. ರಾವ್ ಅವರು ರೂಪಿಸಿದ್ದು. ಎಫ್ ಒತ್ತಿ ಒತ್ತಕ್ಷರ ಕೊಡುವುದು ಅಪ್ಪನ ಬೆರಳಿಗೆ ಕೂತುಬಿಟ್ಟಿದೆ. ಅದನ್ನು ಬದಲಿಸುವ ಪ್ರಶ್ನೆಯೇ ಇರಲಿಲ್ಲ.

ಕಂಪ್ಯೂಟರ್ ಜಗಲಿಯ ಪಕ್ಕದ ಕೋಣೆಯಲ್ಲಿದೆ. ಬಾಗಿಲು ಹಾಕುವುದಿಲ್ಲ. ಬೆಳಿಗ್ಗೆ ಕಾಫಿ ಆದ ಮೇಲೆ ಅಪ್ಪ, ಸಂಜೆ ಮಗಳು, ರಾತ್ರಿ ನಾನು. ಮೊನ್ನೆ ಅಪ್ಪ ಅವರಜ್ಜಿಯ ತವರಿನ ಹೆಸರು ಟೈಪ್ ಮಾಡಿ ಹುಡುಕಿದರು. ಮುಳುಗಿ ಹೋದ ಆ ಊರು ಏಳು ಫೈಲ್‌ಗಳಲ್ಲಿ ಸಿಕ್ಕಿತು. ಹಳೆಯ ಫಾಂಟಿನಲ್ಲಿದ್ದಾಗ ಹಾಗೆ ಹುಡುಕೋಕೆ ಆಗುತ್ತಲೇ ಇರಲಿಲ್ಲ. ಏಳನ್ನೂ ತೆರೆದು ಮೊಮ್ಮಗಳಿಗೆ ಓದಿ ಹೇಳಿದರು. ಬದಲಿಸಬೇಕಾದ ಫೈಲ್ ಇನ್ನೂ ನಲವತ್ತು ಉಳಿದಿವೆ.